ಪ್ರಿಫರ್, ರಾದರ್, ಇಫ್ ಐ ವರ್ ಯು: ಹೋಮ್‌ಸ್ಟೇಯಲ್ಲಿ ಬಳಸಿ ನೋಡಿದ ಹೋಲಿಕೆ

ಕೊಡಗಿನ ಸಿದ್ದಾಪುರದ ಕಡೆ ಕಾಫಿ ತೋಟದ ನಡುವೆ ಹೋಮ್‌ಸ್ಟೇ ನಡೆಸುವ ನನಗೆ ಅತಿಥಿಗಳ ಜೊತೆ ದಿನವಿಡೀ ನಡೆಯುವ ಇಂಗ್ಲಿಷ್ ಮಾತು ಹೆಚ್ಚುಕಮ್ಮಿ ಎರಡೇ ಬಗೆ. ನಿಮಗೆ ಯಾವುದು ಬೇಕು ಎನ್ನುವುದು ಒಂದು, ಹೀಗಾದರೆ ಏನು ಮಾಡೋಣ ಎನ್ನುವುದು ಇನ್ನೊಂದು. ಎರಡಕ್ಕೂ ಇಂಗ್ಲಿಷ್‌ನಲ್ಲಿ ಒಂದಕ್ಕಿಂತ ಹೆಚ್ಚು ದಾರಿಗಳಿವೆ. ಎಲ್ಲವನ್ನೂ ಬಳಸಿ ನೋಡಿದ ಮೇಲೆ ಯಾವುದು ಎಲ್ಲಿ ಹೊಂದುತ್ತದೆ ಎಂಬುದರ ಬಗ್ಗೆ ನನಗೆ ಖಚಿತ ಅಭಿಪ್ರಾಯವಿದೆ.

ಬೆಳಗಿನ ತಿಂಡಿಯಿಂದಲೇ ಶುರು ಮಾಡೋಣ. ಶಾವಿಗೆಯಂಥ ನೂಲ್‌ಪುಟ್ಟು ಮಾಡಲೇ, ಅಕ್ಕಿರೊಟ್ಟಿ ಮಾಡಲೇ ಎಂದು ಕೇಳಬೇಕು. ‘ಡು ಯು ಪ್ರಿಫರ್’ ಎಂದು ಕೇಳಿದರೆ ಅದು ಮನುಷ್ಯನ ಸಾಮಾನ್ಯ ರುಚಿಯನ್ನು ಕೇಳಿದಂತೆ. ಅತಿಥಿ ತಾನು ಮನೆಯಲ್ಲಿ ಏನು ತಿನ್ನುತ್ತೇನೆ, ಡಾಕ್ಟರು ಏನು ಬಿಡಲು ಹೇಳಿದ್ದಾರೆ ಎಂದೆಲ್ಲ ಹೇಳಿಕೊಂಡು ಕೂರುತ್ತಾನೆ, ಒಲೆಯ ಮುಂದೆ ನಿಂತ ಅಕ್ಕನಿಗೆ ಉತ್ತರ ಮಾತ್ರ ಸಿಗುವುದಿಲ್ಲ. ‘ವುಡ್ ಯು ಪ್ರಿಫರ್’ ಎಂದರೆ ಈಗ, ಈ ಹೊತ್ತಿಗೆ ಯಾವುದು ಎಂದು. ಉತ್ತರ ತಟ್ಟನೆ ಬರುತ್ತದೆ. ‘ವಾಂಟ್’ ಹಾಕಿಯೂ ಕೇಳಬಹುದು. ಮುಂಬೈ, ದೆಹಲಿಯವರ ಜೊತೆ ಅದೇ ನಡೆಯುತ್ತದೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಹಿರಿಯರನ್ನು ಕೇಳುವಾಗ ನನಗೆ ಅದು ಸ್ವಲ್ಪ ಒರಟು ಅನ್ನಿಸುತ್ತದೆ.

ನನ್ನ ಇಷ್ಟ ಹೇಳುವಾಗ ಮಾತ್ರ ನಾನು ‘ಪ್ರಿಫರ್’ ಬಿಟ್ಟು ‘ಐ’ಡ್ ರಾದರ್’ ಹಿಡಿಯುತ್ತೇನೆ. ಕಾರಣ ನಮ್ಮ ‘ಗಿಂತ’. ಚಹಾಕ್ಕಿಂತ ಬೆಲ್ಲದ ಕಾಫಿ ಇಷ್ಟ ಎಂದು ಮನಸ್ಸಿನಲ್ಲಿ ಕಟ್ಟಿಕೊಂಡ ವಾಕ್ಯ ಹೊರಗೆ ಬರುವಾಗ ‘ಪ್ರಿಫರ್ ಕಾಫಿ ದ್ಯಾನ್ ಟೀ’ ಆಗಿಬಿಡುವುದನ್ನು ಎಷ್ಟೋ ಬಾಯಲ್ಲಿ ಕೇಳಿದ್ದೇನೆ. ಅಲ್ಲಿ ಇರಬೇಕಾದ್ದು ‘ಟು’: ‘ಐ ಪ್ರಿಫರ್ ಕಾಫಿ ಟು ಟೀ’. ‘ರಾದರ್’ ಜೊತೆಗಾದರೆ ‘ದ್ಯಾನ್’ ಸರಿಯಾಗಿಯೇ ಕೂರುತ್ತದೆ: ‘ಐ’ಡ್ ರಾದರ್ ವಾಕ್ ದ್ಯಾನ್ ಡ್ರೈವ್’. ಕ್ರಿಯಾಪದಕ್ಕೆ ‘ಟು’ ಅಂಟಿಸಬೇಕಿಲ್ಲ, ‘ಇಂಗ್’ ಹಚ್ಚಬೇಕಿಲ್ಲ. ಕನ್ನಡದಲ್ಲಿ ಯೋಚಿಸುವವರ ನಾಲಿಗೆಗೆ ಇದು ಹಗುರ.

‘ರಾದರ್’ ಇನ್ನೂ ಒಂದು ಕೆಲಸ ಮಾಡುತ್ತದೆ, ನನಗೆ ಬಹಳ ಮೆಚ್ಚುಗೆಯಾದದ್ದು ಅದೇ. ಜನವರಿ, ಫೆಬ್ರವರಿಯಲ್ಲಿ ನಮ್ಮ ಕಣದ ತುಂಬ ರೊಬಸ್ಟಾ ಕಾಫಿ ಹಣ್ಣು ಹರವಿರುತ್ತದೆ. ಕೆಂಪು ಕಪ್ಪಾಗುತ್ತ, ಕೈಯಲ್ಲಿ ಹಿಡಿದು ಅಲುಗಾಡಿಸಿದರೆ ಒಳಗಿನ ಬೀಜ ಸದ್ದು ಮಾಡುವವರೆಗೆ ಒಣಗಬೇಕು. ಫೋಟೋ ತೆಗೆಯಲು ಅತಿಥಿಗಳು ಶೂ ಹಾಕಿಕೊಂಡೇ ಅದರ ಮೇಲೆ ಹೋಗುತ್ತಾರೆ. ‘ಡೋಂಟ್ ವಾಕ್ ದೇರ್’ ಎಂದರೆ ಮುಖ ಸಪ್ಪಗಾಗುತ್ತದೆ. ‘ಪ್ಲೀಸ್’ ಸೇರಿಸಿದರೂ ಅದು ಅಪ್ಪಣೆಯೇ. ‘ಐ’ಡ್ ರಾದರ್ ಯು ಡಿಡಂಟ್ ವಾಕ್ ದೇರ್’ ಎಂದು ನೋಡಿ, ನಗುತ್ತಲೇ ಇಳಿದು ಬರುತ್ತಾರೆ. ಈಗ ನಡೆಯುವ ವಿಷಯಕ್ಕೆ ‘ಡಿಡಂಟ್’ ಯಾಕೆ ಎಂದು ನಮ್ಮಲ್ಲಿ ಕೆಲಸಕ್ಕಿರುವ ಹುಡುಗ ಕೇಳಿದ. “ಅಂಗಡಿಯಲ್ಲಿ ನೀನು ‘ಅಣ್ಣಾ, ಅರ್ಧ ಕೆ.ಜಿ. ಸಕ್ಕರೆ ಬೇಕಿತ್ತು’ ಅಂತ ಕೇಳ್ತೀಯಲ್ಲ, ಬೇಕಾಗಿರೋದು ಈಗಲೇ ಅಲ್ವಾ?” ಅಂದೆ. ಅವನು ಮತ್ತೆ ಮರೆಯಲಿಲ್ಲ.

ಇನ್ನು ಸಲಹೆ. ಮಾಂದಲ್‌ಪಟ್ಟಿ ಬೆಟ್ಟಕ್ಕೆ ಜೀಪಿನಲ್ಲಿ ಇವತ್ತೇ ಹೋಗೋಣವೇ ಎಂದು ಕೇಳುತ್ತಾರೆ. ಮೋಡ ಕವಿದಿದ್ದರೆ ಮೇಲೆ ಹೋಗಿ ಬೆಳ್ಳನೆ ಮಂಜನ್ನಷ್ಟೇ ನೋಡಿ ಬರಬೇಕು. ‘ಯು ಶುಡ್ ಗೋ ಟುಮಾರೋ’ ಸರಿಯಾದ ವಾಕ್ಯವೇ, ಆದರೆ ನಿರ್ಧಾರ ನನ್ನದಾಗಿಬಿಡುತ್ತದೆ. ನಾಳೆ ಜೋರು ಮಳೆ ಹಿಡಿದರೆ ದೂರೂ ನನ್ನ ತಲೆಗೇ. ‘ಇಫ್ ಐ ವರ್ ಯು, ಐ’ಡ್ ಗೋ ಟುಮಾರೋ ಮಾರ್ನಿಂಗ್’ ಎಂದರೆ ನನ್ನ ಮನಸ್ಸಿನಲ್ಲಿದ್ದದ್ದನ್ನು ಹೇಳಿದಂತೆಯೂ ಆಯಿತು, ಆಯ್ಕೆ ಅವರ ಕೈಯಲ್ಲೇ ಉಳಿಯಿತು. ಮಾತಿನಲ್ಲಿ ‘ಇಫ್ ಐ ವಾಸ್’ ಎನ್ನುವ ಇಂಗ್ಲಿಷರೂ ಇದ್ದಾರೆ, ಆದರೂ ‘ವರ್’ ಎಲ್ಲಿಯೂ ಸಲ್ಲುತ್ತದೆ.

‘ಯು’ಡ್ ಬೆಟರ್’ ಅನ್ನು ಇದರ ಬದಲಿಗೆ ಬಳಸಬೇಡಿ. ಅದರಲ್ಲಿ ಎಚ್ಚರಿಕೆ ಇದೆ, ಕೇಳದಿದ್ದರೆ ಕೆಡುಕು ಎಂಬ ಧ್ವನಿ ಇದೆ. ನಾನು ಅದನ್ನು ಆನೆಗೆಂದೇ ಇಟ್ಟುಕೊಂಡಿದ್ದೇನೆ. ಕತ್ತಲಾದ ಮೇಲೆ ತೋಟದ ದಾರಿಯಲ್ಲಿ ಸುತ್ತಾಡಲು ಹೊರಟವರಿಗೆ ‘ಯು’ಡ್ ಬೆಟರ್ ನಾಟ್’ ಎನ್ನುತ್ತೇನೆ. ಅಲ್ಲಿ ಮೆದು ಮಾತು ಬೇಡವೇ ಬೇಡ.

ಮಳೆಯ ಮಾತಿಗೆ ಬಂದರೆ ‘ಇಫ್ ಇಟ್ ರೇನ್ಸ್’ ಮತ್ತು ‘ಇಫ್ ಇಟ್ ರೇನ್ಡ್’ ನಡುವೆ ತಿಂಗಳು ನೋಡಿ ಆರಿಸಿಕೊಳ್ಳಬೇಕು. ಎರಡಕ್ಕೂ ನಾವು ‘ಮಳೆ ಬಂದರೆ’ ಎಂದೇ ಹೇಳುವುದರಿಂದ ಇಲ್ಲಿ ಎಡವುವುದು ಸುಲಭ. ಜುಲೈನಲ್ಲಿ ಕೊಡಗಿನಲ್ಲಿ ನಿಂತು ‘ಇಫ್ ಇಟ್ ರೇನ್ಡ್ ಟುಮಾರೋ’ ಎಂದರೆ ಮಳೆ ಬರುವುದು ಅನುಮಾನ ಎಂದಂತಾಗುತ್ತದೆ. ಅದನ್ನು ನಂಬಿದವರು ಕೊಡೆ ಬಿಟ್ಟು ಹೊರಡುತ್ತಾರೆ. ಆಗ ‘ರೇನ್ಸ್’ ಮತ್ತು ‘ವಿಲ್’ ಸಾಕು. ಬಿಸಿಲು ಕಾಯುವ ಜನವರಿಯಲ್ಲಿ ಕಣದ ಕಾಫಿ ನೋಡಿಕೊಂಡು ‘ರೇನ್ಡ್’, ‘ವುಡ್’ ಎನ್ನಬಹುದು.

ಉಳಿದದ್ದು, ಆಗದೇ ಹೋದದ್ದರ ಮಾತು. ಅತಿಥಿ ಮಾಂಸ ತಿನ್ನುವುದಿಲ್ಲ ಎಂಬುದು ಊಟಕ್ಕೆ ಕುಳಿತಾಗ ಗೊತ್ತಾದರೆ ‘ಇಫ್ ಐ ಹ್ಯಾಡ್ ನೋನ್, ಐ’ಡ್ ಹ್ಯಾವ್ ಮೇಡ್ ಬ್ಯಾಂಬೂ ಶೂಟ್ ಕರಿ’ ಎನ್ನುತ್ತೇನೆ. ಬರೀ ‘ಸಾರಿ’ಗಿಂತ ಇದು ಎಷ್ಟೋ ಮೇಲು. ಮಾಡಿ ಬಡಿಸುವ ಮನಸ್ಸಿತ್ತು ಎಂಬುದು ಅವರಿಗೆ ತಲುಪುತ್ತದೆ. ಆದರೆ ಇದೇ ರೂಪವನ್ನು ಅತಿಥಿಯ ಕಡೆ ತಿರುಗಿಸಬಾರದು. ಮೇ ತಿಂಗಳಲ್ಲಿ ಬಂದು ಕಾಫಿ ಹೂವು ಎಲ್ಲಿ ಎಂದು ಕೇಳುವವರಿಗೆ ‘ಇಫ್ ಯು ಹ್ಯಾಡ್ ಕಮ್ ಅರ್ಲಿಯರ್’ ಎಂದರೆ ಅಷ್ಟು ದೂರ ಬಂದವರ ಹೊಟ್ಟೆ ಉರಿಸಿದಂತೆ. ಕಾಫಿ ಹೂ ಅರಳಿಸುವ ಹೂಮಳೆ ಬೀಳುವುದು ಸಾಮಾನ್ಯವಾಗಿ ಮಾರ್ಚ್, ಏಪ್ರಿಲ್‌ನಲ್ಲಿ. ಮಳೆಯಾಗಿ ಎಂಟು-ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ, ಕೆಲವೇ ದಿನ ನಿಲ್ಲುತ್ತದೆ. ಅಂದರೆ ಮಳೆ ಬಿದ್ದ ದಿನ ತಿಳಿಸಿದರೆ ಟಿಕೆಟ್ ಮಾಡಿಸಿಕೊಂಡು ಬರುವಷ್ಟು ಸಮಯ ಇದ್ದೇ ಇರುತ್ತದೆ. ಹಾಗಾಗಿ ನಾನು ‘ಇಫ್ ಯು’ಡ್ ಲೈಕ್ ಟು ಸೀ ಇಟ್, ಐ’ಲ್ ಕಾಲ್ ಯು ದ ಡೇ ಇಟ್ ರೇನ್ಸ್’ ಎನ್ನುತ್ತೇನೆ. ಹೋಗುವ ಮುಂಚೆ ಅವರೇ ಫೋನ್ ನಂಬರ್ ಬರೆದುಕೊಡುತ್ತಾರೆ.