ವ್ಯೂಸ್ ಕೊಟ್ಟು ಕುರ್ಚಿ ಕೊಳ್ಳುವ ಆಟ

ಕುರ್ಚಿಯೊಂದರ ಬೆಲೆಯನ್ನು ವ್ಯೂಸ್‌ಗಳ ಲೆಕ್ಕದಲ್ಲಿ ಹೇಳುವ ಅಂಗಡಿಯನ್ನು ನಾನು ಮೊದಲ ಬಾರಿಗೆ ಕಂಡದ್ದು ‘ಪ್ಯೂಡಿಪೈಸ್ ಟ್ಯೂಬರ್ ಸಿಮ್ಯುಲೇಟರ್’ ಎಂಬ ಮೊಬೈಲ್ ಆಟದಲ್ಲಿ. ಆನ್‌ಲೈನ್ ವಿಡಿಯೊ ತಾರೆಯಾಗಲು ಹೊರಟವರ ದಿನಚರಿಯನ್ನು ಅನುಕರಿಸುವ ಈ ಆಟ 2016ರ ಸೆಪ್ಟೆಂಬರ್ 29ರಂದು ಆಂಡ್ರಾಯ್ಡ್ ಮತ್ತು ಐಒಎಸ್ ಎರಡಕ್ಕೂ ಉಚಿತವಾಗಿ ಬಿಡುಗಡೆಯಾಯಿತು. ತಯಾರಿಸಿದ್ದು ಕೆನಡಾದ ಔಟರ್‌ಮೈಂಡ್ಸ್ ಸಂಸ್ಥೆ. ಆಟದೊಳಗೆ ತಮ್ಮದೇ ದನಿಯಲ್ಲಿ ಮಾತನಾಡುವವರು ಸ್ವೀಡನ್ನಿನ ಫೆಲಿಕ್ಸ್ ಶೆಲ್‌ಬರ್ಗ್, ಅಂದರೆ ಪ್ಯೂಡಿಪೈ. ಆಟ ಹೊರಬಂದ ಹೊತ್ತಿಗೆ ಯೂಟ್ಯೂಬ್‌ನಲ್ಲಿ ಅತಿ ಹೆಚ್ಚು ಸಬ್‌ಸ್ಕ್ರೈಬರ್‌ಗಳಿದ್ದ ಚಾನೆಲ್ ಅವರದೇ ಆಗಿತ್ತು. ಅವರ ವಿಡಿಯೊಗಳ ಅಭಿಮಾನಿಯಲ್ಲದ ನನಗೆ ಅಲ್ಲಿನ ಒಳನಗೆಗಳು ಅರ್ಧದಷ್ಟೂ ತಟ್ಟಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೂ ಆಟವನ್ನು ಫೋನಿನಿಂದ ತೆಗೆದುಹಾಕಿಲ್ಲ.

ಆರಂಭದಲ್ಲಿ ನಮಗೆ ಸಿಗುವುದು ಒಂದು ಚಿಕ್ಕ ಕೋಣೆ ಮತ್ತು ಒಂದು ಕಂಪ್ಯೂಟರ್. ಪಾತ್ರದ ಮುಖ, ಕೂದಲು, ಬಟ್ಟೆಗಳನ್ನು ಆರಿಸಿ, ಚಾನೆಲ್‌ಗೊಂದು ಹೆಸರಿಟ್ಟು ಕುಳಿತರೆ ವಿಡಿಯೊ ಮಾಡುವ ಕೆಲಸ ಶುರುವಾಗುತ್ತದೆ. ಕೆಲಸವೆಂದರೆ ಇಷ್ಟೇ: ಪರದೆಯ ಮೇಲೆ ಬರುವ ಕೆಲವು ವಿಷಯಗಳಲ್ಲಿ ಒಂದನ್ನು ಆರಿಸಬೇಕು, ಅದು ಸಿದ್ಧವಾಗುವವರೆಗೆ ಕಾಯಬೇಕು, ಸಿದ್ಧವಾದ ಮೇಲೆ ಬೆರಳೊತ್ತಿ ಪ್ರಕಟಿಸಬೇಕು. ಯಾವ ವಿಷಯಕ್ಕೆ ಈಗ ಗಿರಾಕಿ ಹೆಚ್ಚು, ಯಾವುದು ಹಳಸಿದೆ ಎಂಬ ಸೂಚನೆಯೂ ಅಲ್ಲೇ ಇರುತ್ತದೆ. ಬೇಗ ಮುಗಿದು ಸ್ವಲ್ಪ ವ್ಯೂಸ್ ತರುವ ವಿಡಿಯೊ ಬೇಕೋ, ಗಂಟೆಗಟ್ಟಲೆ ಕಾಯಿಸಿ ರಾಶಿ ತರುವುದು ಬೇಕೋ ಎಂಬ ಲೆಕ್ಕಾಚಾರ ಆಟದ ಮೊದಲ ದಿನಗಳಲ್ಲಿ ನಿಜಕ್ಕೂ ರುಚಿಕರವಾಗಿದೆ. ಮಲಗುವ ಮುನ್ನ ಉದ್ದದ ವಿಡಿಯೊ ಹಚ್ಚಿಟ್ಟು, ಬೆಳಿಗ್ಗೆ ಎದ್ದು ಅದರ ಫಲ ಕೊಯ್ಯುವ ಅಭ್ಯಾಸ ನನಗೆ ಮೂರನೇ ದಿನಕ್ಕೇ ಅಂಟಿಕೊಂಡಿತು. ಹೀಗೆ ಬಂದ ವ್ಯೂಸ್‌ಗಳಿಂದ ಮೇಜು, ದೀಪ, ಸೋಫಾ, ಗೋಡೆಯ ಚಿತ್ರ, ಇನ್ನಷ್ಟು ಒಳ್ಳೆಯ ಉಪಕರಣಗಳನ್ನು ಕೊಂಡುಕೊಳ್ಳಬಹುದು. ಲೆವೆಲ್ ಏರಿದಂತೆ ಅಂಗಡಿಯ ಕಪಾಟುಗಳೂ ತೆರೆದುಕೊಳ್ಳುತ್ತವೆ.

ಈ ಆಟದ ಅತ್ಯಂತ ಜಾಣ ಆಲೋಚನೆ ಮತ್ತು ಅತ್ಯಂತ ದೊಡ್ಡ ಸುಳ್ಳು, ಎರಡೂ ಇರುವುದು ಈ ವಿನಿಮಯದಲ್ಲಿ. ನಿಜವಾದ ಚಾನೆಲ್‌ನಲ್ಲಿ ವ್ಯೂಸ್ ಎಂಬುದು ಜೇಬಿಗಿಳಿಯುವ ನಾಣ್ಯವಲ್ಲ. ಯೂಟ್ಯೂಬ್‌ನಲ್ಲಿ ಜಾಹೀರಾತಿನ ಆದಾಯದ ಪಾಲು ಪಡೆಯಬೇಕಾದರೆ 1,000 ಸಬ್‌ಸ್ಕ್ರೈಬರ್‌ಗಳಿರಬೇಕು. ಅದರೊಂದಿಗೆ ಹಿಂದಿನ 12 ತಿಂಗಳಲ್ಲಿ ಜನ ಆ ಚಾನೆಲ್ಲಿನ ವಿಡಿಯೊಗಳನ್ನು 4,000 ಗಂಟೆ ನೋಡಿರಬೇಕು, ಇಲ್ಲವೇ 90 ದಿನಗಳಲ್ಲಿ ಅದರ ಶಾರ್ಟ್ಸ್‌ ಎಂಬ ಕಿರು ವಿಡಿಯೊಗಳಿಗೆ 1 ಕೋಟಿ ವ್ಯೂಸ್ ಬಂದಿರಬೇಕು. ಈ ಹೊಸ್ತಿಲು ದಾಟಿದ ಮೇಲೂ ಉದ್ದದ ವಿಡಿಯೊಗಳ ಜಾಹೀರಾತು ಆದಾಯದಲ್ಲಿ ಚಾನೆಲ್ ನಡೆಸುವವರ ಪಾಲು ಶೇ 55. ನೋಡಿದವರು ಯಾವ ದೇಶದವರು, ವಿಷಯ ಯಾವುದು, ಜಾಹೀರಾತು ಓಡಿತೋ ಇಲ್ಲವೋ ಎಂಬುದರ ಮೇಲೆ ಒಂದೊಂದು ಸಾವಿರ ವ್ಯೂಸ್‌ಗೆ ಬರುವ ಮೊತ್ತವೂ ಬದಲಾಗುತ್ತದೆ. ಆಟದಲ್ಲಿ ಇದ್ಯಾವುದರ ಗೊಡವೆಯಿಲ್ಲ. ನಿನ್ನೆ ಯಾರೋ ನಮ್ಮನ್ನು ನೋಡಿದ ನೋಟವನ್ನು ಇಂದು ಗಲ್ಲಾಪೆಟ್ಟಿಗೆಯ ಮುಂದಿಟ್ಟು ಕುರ್ಚಿ ಹೊತ್ತು ತರಬಹುದು. ಇದನ್ನು ವ್ಯಂಗ್ಯವೆಂದು ಓದಿದರೆ ಬಲು ಸೊಗಸು, ಏಕೆಂದರೆ ಜನರ ಗಮನವನ್ನೇ ಸರಕಾಗಿ ಎಣಿಸುವ ಒಂದು ಉದ್ಯಮದ ಒಳಗುಟ್ಟನ್ನು ಇಷ್ಟು ಸರಳವಾಗಿ ಬಯಲಿಗೆಳೆದ ಉದಾಹರಣೆಗಳು ಕಡಿಮೆ. ಮಾಹಿತಿಯೆಂದು ಓದುವ ಎಳೆಯ ಆಟಗಾರರಿಗೆ ಮಾತ್ರ ಅದು ತಪ್ಪು ಪಾಠವಾಗುತ್ತದೆ.

ಇನ್ನೊಂದು ಕೊರತೆ ನಿಧಾನವಾಗಿ ಗಮನಕ್ಕೆ ಬರುತ್ತದೆ. ಇಲ್ಲಿ ಯಾವ ವಿಡಿಯೊವೂ ಸೋಲುವುದಿಲ್ಲ. ಹಳಸಿದ ವಿಷಯ ಆರಿಸಿದರೆ ಗಳಿಕೆ ಕಡಿಮೆಯಾದೀತೇ ಹೊರತು, ಪ್ರಕಟಿಸಿದ ವಿಡಿಯೊ ಯಾರ ಕಣ್ಣಿಗೂ ಬೀಳದೆ ಮೂಲೆಯಲ್ಲಿ ಬಿದ್ದಿರುವ ಪ್ರಸಂಗವೇ ಇಲ್ಲ. ಯೂಟ್ಯೂಬ್ 2012ರಲ್ಲಿಯೇ ತನ್ನ ಶಿಫಾರಸಿನ ಲೆಕ್ಕವನ್ನು ಬದಲಿಸಿ, ಎಷ್ಟು ಜನ ಒತ್ತಿದರು ಎಂಬುದಕ್ಕಿಂತ ಎಷ್ಟು ಹೊತ್ತು ನೋಡಿದರು ಎಂಬುದಕ್ಕೆ ಹೆಚ್ಚು ಬೆಲೆ ಕೊಡಲಾರಂಭಿಸಿತು. ಚಾನೆಲ್ ನಡೆಸುವವರ ಮಾತುಕತೆಯಲ್ಲಿ ವಾಚ್ ಟೈಮ್, ಥಂಬ್‌ನೇಲ್ (ವಿಡಿಯೊ ತೆರೆಯುವ ಮುನ್ನ ಕಾಣುವ ಚಿಕ್ಕ ಚಿತ್ರ), ಮೊದಲ 30 ಸೆಕೆಂಡುಗಳು ಎಂಬ ಪದಗಳು ಪದೇಪದೇ ಕೇಳಿಬರುವುದು ಇದರಿಂದಲೇ. ಶೀರ್ಷಿಕೆಯ ಒಂದು ಪದ ಬದಲಿಸಿ, ಥಂಬ್‌ನೇಲ್‌ನ ಮುಖಭಾವ ಬದಲಿಸಿ, ಮತ್ತೆ ಅಂಕಿಗಳನ್ನು ನೋಡುತ್ತ ಕೂರುವ ಆ ಚಡಪಡಿಕೆಯಲ್ಲಿ ಒಂದು ಒಳ್ಳೆಯ ಆಟಕ್ಕೆ ಬೇಕಾದ ಎಲ್ಲ ಸಾಮಗ್ರಿಯೂ ಇದೆ. ಅದನ್ನು ಮುಟ್ಟದೆ ಹೋದದ್ದು ನನ್ನ ದೃಷ್ಟಿಯಲ್ಲಿ ಕೈತಪ್ಪಿದ ಅವಕಾಶ. ಕಾಮೆಂಟುಗಳ ಕಾಟದ ಮಾತಂತೂ ಬಿಡಿ.

ಈ ವಿಷಯದಲ್ಲಿ ಸ್ಪೇನಿನ ಯು-ಪ್ಲೇ ಆನ್‌ಲೈನ್ ಸಂಸ್ಥೆಯ ‘ಯೂಟ್ಯೂಬರ್ಸ್ ಲೈಫ್’ ಬೇರೆ ದಾರಿ ಹಿಡಿದಿದೆ. 2016ರಲ್ಲಿ ಮೊದಲು ಕಂಪ್ಯೂಟರಿಗೆ ಬಂದು ಆಮೇಲೆ ಮೊಬೈಲಿಗೂ ಬಂದ ಆ ಆಟದಲ್ಲಿ ಪಾತ್ರಕ್ಕೆ ಹಸಿವಾಗುತ್ತದೆ, ನಿದ್ದೆ ಬರುತ್ತದೆ, ಓದಿನ ಹೊರೆಯೂ ಇರುತ್ತದೆ. ರೆಕಾರ್ಡಿಂಗ್ ಮಾಡುವಾಗ ಆಯಾ ಸಂದರ್ಭಕ್ಕೆ ತಕ್ಕ ಕಾರ್ಡುಗಳನ್ನು ಹೂಡಿ ವಿಡಿಯೊದ ಗುಣಮಟ್ಟವನ್ನು ಕಟ್ಟಬೇಕಾಗುತ್ತದೆ. ಶ್ರಮದ ಅರಿವು ಅಲ್ಲಿ ಹೆಚ್ಚು. ಆದರೆ ಐದು ನಿಮಿಷದ ಬಿಡುವಿನಲ್ಲಿ ತೆರೆದು ಮುಚ್ಚುವ ಆಟ ಅದಲ್ಲ. ಟ್ಯೂಬರ್ ಸಿಮ್ಯುಲೇಟರನ್ನು ಫೋನಿನ ಅಳತೆಗೇ ಹೊಲಿಯಲಾಗಿದೆ, ಹಾಗಾಗಿ ಅದರ ಹಗುರತನವನ್ನು ಪೂರ್ತಿ ದೋಷವೆನ್ನಲಾರೆ.

ಕಾಯುವಿಕೆಯ ಬಗ್ಗೆ ಒಂದು ಮಾತು. ಕಾಯಲಾರದವರಿಗಾಗಿ ಬಕ್ಸ್ ಎಂಬ ಎರಡನೇ ನಾಣ್ಯವಿದೆ; ಅದನ್ನು ಆಡುತ್ತ ಗಳಿಸಬಹುದು, ನಿಜವಾದ ಹಣ ಕೊಟ್ಟೂ ಕೊಳ್ಳಬಹುದು. ಉಚಿತ ಆಟಗಳಲ್ಲೆಲ್ಲ ಇರುವ ಏರ್ಪಾಡೇ ಇದು. ಹಣ ಕೊಡದೆ ನಾನು ನೆಮ್ಮದಿಯಾಗಿಯೇ ಆಡಿದ್ದೇನೆ. ಮಕ್ಕಳ ಕೈಗೆ ಫೋನ್ ಕೊಡುವವರು ಮಾತ್ರ, ಪಾಸ್‌ವರ್ಡ್ ಇಲ್ಲದೆ ಖರೀದಿಯಾಗದಂತೆ ಆ್ಯಪ್ ಸ್ಟೋರಿನ ಸೆಟ್ಟಿಂಗ್ ಬದಲಿಸಿಕೊಂಡಿರುವುದು ಒಳ್ಳೆಯದು. ಹಳೆಯ ವಿಡಿಯೊ ಗೇಮ್‌ಗಳನ್ನು ನೆನಪಿಸುವ ಪಿಕ್ಸೆಲ್ ಚಿತ್ರಗಳು ಮತ್ತು ಚಿಪ್‌ಟ್ಯೂನ್ ಸಂಗೀತ ಚೆನ್ನಾಗಿವೆ. ನಡುನಡುವೆ ಬರುವ ‘ಪಗಲ್’ ಎಂಬ ಕಿರು ಆಟ, ಮೇಲಿನಿಂದ ಬಿಟ್ಟದ್ದು ಪುಟಿಯುತ್ತ ಕೆಳಗಿಳಿಯುವುದನ್ನು ನೋಡುವ ಸರಳ ಸುಖ. ಅದರ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ.

ಹೆಚ್ಚು ಹೇಳಬೇಕಾದದ್ದು ಕೋಣೆಯ ಬಗ್ಗೆ. ಮೂಲೆಯಿಂದ ಓರೆಯಾಗಿ ಕಾಣುವ ಈ ಕೋಣೆಯಲ್ಲಿ ಪ್ರತಿ ವಸ್ತುವನ್ನೂ ಎತ್ತಿ, ತಿರುಗಿಸಿ, ಚೌಕಗಳ ಲೆಕ್ಕದಲ್ಲಿ ಕೂರಿಸಬೇಕು. ಎತ್ತರದ ಕಪಾಟನ್ನು ಮುಂದಿಟ್ಟರೆ ಹಿಂದಿನ ದೀಪ ಮರೆಯಾಗುತ್ತದೆ. ಸೋಫಾವನ್ನು ಒಂದು ಚೌಕ ಸರಿಸಿದರೆ ಮೇಜಿಗೆ ಜಾಗ ಸಾಲುವುದಿಲ್ಲ. ವಿಡಿಯೊಗಳ ವಿಷಯದಲ್ಲಿ ನಮಗೆ ಸಿಗದ ಸೃಷ್ಟಿಯ ಸ್ವಾತಂತ್ರ್ಯ ಪೂರ್ತಿಯಾಗಿ ಸಿಗುವುದು ಇಲ್ಲಿ. ನಮ್ಮ ವಿಡಿಯೊ ಹೇಗಿತ್ತೆಂದು ನಾವೆಂದೂ ನೋಡುವುದಿಲ್ಲ, ಅದರ ಶೀರ್ಷಿಕೆಯಷ್ಟೇ ನಮ್ಮ ಪಾಲಿಗೆ ಬರುವುದು. ಕೋಣೆಯನ್ನಾದರೋ ದಿನಕ್ಕೆ ಹತ್ತು ಸಲ ನೋಡುತ್ತೇವೆ.

ಆಟವೂ ಇದನ್ನು ಅರಿತಂತಿದೆ. ಒಂದೊಂದು ಸಲಕ್ಕೆ ಒಂದೊಂದು ವಿಷಯ ಕೊಟ್ಟು, ಅದಕ್ಕೆ ತಕ್ಕಂತೆ ಕೋಣೆ ಅಲಂಕರಿಸುವ ಸ್ಪರ್ಧೆ ನಡೆಸುತ್ತಾರೆ. ಉಳಿದ ಆಟಗಾರರು ಕೋಣೆಗಳನ್ನು ಹೋಲಿಸಿ ಮತ ಹಾಕುತ್ತಾರೆ. ಲಕ್ಷಗಟ್ಟಲೆ ವ್ಯೂಸ್ ತಂದ ನನ್ನ ವಿಡಿಯೊಗಳನ್ನು ಒಂದು ಜೀವವೂ ನೋಡಿಲ್ಲ. ಕೋಣೆಯನ್ನು ಮಾತ್ರ ಎಲ್ಲೋ ಕುಳಿತ ನಿಜವಾದ ಮನುಷ್ಯರು ಒಂದೆರಡು ಸೆಕೆಂಡ್ ನೋಡಿ ತೀರ್ಪು ಕೊಡುತ್ತಾರೆ. ಆ ಒಂದೆರಡು ಸೆಕೆಂಡಿಗಾಗಿ ನಾನು ಒಂದು ರಾತ್ರಿ ಮುಕ್ಕಾಲು ಗಂಟೆ ಕುಳಿತು ಕಪಾಟಿನ ಹಿಂದೆ ಅಡಗಿದ್ದ ದೀಪವನ್ನು ಮುಂದಕ್ಕೆ ತಂದೆ. ಫಲಿತಾಂಶದಲ್ಲಿ ನನ್ನ ಕೋಣೆ ನಡುವಿಗಿಂತ ಕೆಳಗಿತ್ತು. ಮುಂದಿನ ಸ್ಪರ್ಧೆಗೆ ಕಪಾಟನ್ನೇ ತೆಗೆದುಬಿಟ್ಟಿದ್ದೇನೆ.