ಒಂದೇ ಬಾವಿ, ನಾಲ್ಕು ವ್ಯಾಸ

ನಮ್ಮ ಬಾವಿಗೆ ಮಾಡಿಸಿದ ಕಬ್ಬಿಣದ ಜಾಲರಿ ಕಟ್ಟೆಗಿಂತ ದೊಡ್ಡದಾಗಿ ಬಂತು. ಸುತ್ತಲೂ ಆರೇಳು ಸೆಂ.ಮೀ. ಆಚೆಗೆ ಚಾಚಿಕೊಂಡು, ಪಕ್ಕದಲ್ಲಿ ಹೋದವರ ಲುಂಗಿ, ಸೀರೆ ಸೆರಗು ಎಲ್ಲವನ್ನೂ ಹಿಡಿದೆಳೆಯತೊಡಗಿತು.

ತಪ್ಪು ವೆಲ್ಡಿಂಗ್ ಅಂಗಡಿಯವರದ್ದಲ್ಲ. ಅಪ್ಪಯ್ಯ ಕಟ್ಟೆಯ ಹೊರಗೆ ಹುರಿ ಸುತ್ತಿ 914 ಸೆಂ.ಮೀ. ಎಂದು ಅಳೆದು, 3ರಿಂದ ಭಾಗಿಸಿ, ಚೀಟಿಯಲ್ಲಿ 304 ಎಂದು ಬರೆದುಕೊಟ್ಟಿದ್ದರು. "ಸುತ್ತಳತೆಯ ಮೂರನೇ ಒಂದು ಪಾಲು ಅಡ್ಡಳತೆ. ಅಷ್ಟೇ ಅಲ್ವಾ?"

ಅಪ್ಪಯ್ಯನನ್ನು ಸುಮ್ನೆ ಬೈಯುವ ಹಾಗೂ ಇಲ್ಲ. ಅಮೋಘವರ್ಷ ನೃಪತುಂಗನ ಕಾಲದ ಗಣಿತಜ್ಞ ಮಹಾವೀರಾಚಾರ್ಯರೂ ಒರಟು ಲೆಕ್ಕಕ್ಕೆ 3 ಸಾಕು ಎಂದವರೇ. ಸೂಕ್ಷ್ಮ ಬೇಕಾದರೆ 10ರ ವರ್ಗಮೂಲ, ಅಂದರೆ 3.162. ಅವರಿಗಿಂತ ಮುನ್ನೂರು ವರ್ಷಕ್ಕೂ ಹಿಂದೆ, 499ರಲ್ಲಿ, ಆರ್ಯಭಟ 20,000 ವ್ಯಾಸಕ್ಕೆ 62,832 ಪರಿಧಿ ಎಂದು ಹೇಳಿಯಾಗಿತ್ತು. ಅದು 3.1416. ನಮ್ಮ 914ನ್ನು ಮಹಾವೀರಾಚಾರ್ಯರ ಸೂಕ್ಷ್ಮ ಲೆಕ್ಕದಲ್ಲಿ ಭಾಗಿಸಿದರೆ 289, ಆರ್ಯಭಟನ ಲೆಕ್ಕದಲ್ಲಿ 290.9. ಶಾಲೆಯ 22/7 ಹಾಕಿದರೆ 290.8. ಇವುಗಳಲ್ಲಿ ಯಾವುದನ್ನು ಹಿಡಿದಿದ್ದರೂ ಸೀರೆ ಉಳಿಯುತ್ತಿತ್ತು.

ಎರಡನೇ ಸಲ ನಗೆಪಾಟಲಾಗುವುದು ಬೇಡ ಎಂದು ಒಂದು ಭಾನುವಾರ ನನಗೆ ಗೊತ್ತಿದ್ದ ದಾರಿಗಳನ್ನೆಲ್ಲ ಅದೇ ಬಾವಿಯ ಮೇಲೆ ಪ್ರಯೋಗ ಮಾಡಿದೆ.

ಮೊದಲು ಹುರಿಯನ್ನೇ ಮತ್ತೆ ಸುತ್ತಿದೆ. ಪ್ಲಾಸ್ಟಿಕ್ ಹಗ್ಗದಲ್ಲಿ 907 ಬಂತು, ಸೆಣಬಿನ ಹುರಿಯಲ್ಲಿ ಅಪ್ಪಯ್ಯನ 914 ಬಂತು. ಪ್ಲಾಸ್ಟಿಕ್ ಹಗ್ಗ ಎಳೆದಾಗ ಹಿಗ್ಗುತ್ತದೆ, ಬಿಚ್ಚಿ ನೆಲದ ಮೇಲೆ ಹಾಸಿದರೆ ಕುಗ್ಗುತ್ತದೆ. ಆದರೆ ಈ ದಾರಿಯ ಒಳ್ಳೆಯ ಗುಣ ಏನೆಂದರೆ, ಏಳು ಸೆಂ.ಮೀ. ತಪ್ಪು ವ್ಯಾಸಕ್ಕೆ ಬರುವಷ್ಟರಲ್ಲಿ ಎರಡೂ ಕಾಲಿಗೆ ಇಳಿಯುತ್ತದೆ. ತಪ್ಪನ್ನೂ 3.14ರಿಂದ ಭಾಗಿಸುತ್ತೇವಲ್ಲ! ಒಬ್ಬರೇ ಇದ್ದರೂ ಮಾಡಬಹುದು, ಬಾವಿಗೆ ಬಗ್ಗಬೇಕಾಗಿಯೂ ಇಲ್ಲ.

ನನಗೆ ಜಾಸ್ತಿ ಆಸೆ ಇದ್ದದ್ದು ಬಿಲ್ಲು-ಬಾಣದ ದಾರಿಯ ಮೇಲೆ. ವೃತ್ತದ ಎರಡು ಕಡೆ ಮುಟ್ಟುವ ಹಾಗೆ ಒಂದು ನೇರ ಕೋಲು ಇಡಬೇಕು. ಕೋಲಿನ ನಡುವಿನಿಂದ ಅಂಚಿನವರೆಗಿನ ದೂರವೇ ಬಾಣ. ಹಳೆಯ ಗಣಿತದಲ್ಲಿ ಇದರ ಹೆಸರು ಶರ. ಅರ್ಧ ಕೋಲಿನ ವರ್ಗವನ್ನು ಶರದಿಂದ ಭಾಗಿಸಿ, ಶರವನ್ನೇ ಕೂಡಿಸಿದರೆ ವ್ಯಾಸ. ಇದರ ಬೇರೂ ಆರ್ಯಭಟನಲ್ಲೇ ಇದೆ.

ಹಂಚಿನ ಮಾಡಿನಿಂದ ಉಳಿದಿದ್ದ ರೀಪಿನಲ್ಲಿ 120 ಸೆಂ.ಮೀ. ಕತ್ತರಿಸಿ ಕಟ್ಟೆಯ ಮೇಲೆ ಇಟ್ಟೆ. ಎರಡೂ ತುದಿ ಹೊರ ಅಂಚಿಗೆ ಸರಿಯಾಗಿ ಕೂತವು. ಶರ 12.5 ಸೆಂ.ಮೀ. 3600 ಭಾಗಿಸು 12.5, ಅಂದರೆ 288. ಅದಕ್ಕೆ 12.5 ಸೇರಿಸಿ 300.5. ಏನಪ್ಪಾ ಇದು ಎಂದು ಮತ್ತೆ ಬಗ್ಗಿ ನೋಡಿದರೆ ಅಂಚಿನ ಗಾರೆ ಸ್ವಲ್ಪ ಎದ್ದಿತ್ತು. ಉಗುರಿನಿಂದ ಕೆರೆದು ಅಳೆದಾಗ ಶರ 13, ವ್ಯಾಸ 289.9. ಅರ್ಧ ಸೆಂ.ಮೀ. ಗಾರೆಗೆ ಹತ್ತು ಸೆಂ.ಮೀ. ವ್ಯತ್ಯಾಸ! ಆಮೇಲೆ ಪೂರ್ತಿ ಎರಡು ಮೀಟರಿನ ರೀಪು ತಂದು ಇಟ್ಟೆ. ಶರ 40, ವ್ಯಾಸ 290. ಇಲ್ಲಿ ಅರ್ಧ ಸೆಂ.ಮೀ. ತಪ್ಪಿದ್ದರೂ ಮೂರು ಸೆಂ.ಮೀ.ಗಿಂತ ಹೆಚ್ಚು ಏರುಪೇರಾಗುತ್ತಿರಲಿಲ್ಲ. ಹಾಗಾಗಿ ಗಿಡ್ಡ ಕೋಲನ್ನು ನಂಬಬೇಡಿ. ಒಡೆದ ಮಡಕೆಯ ಚೂರೋ ಮುರಿದ ಚಕ್ರದ ತುಂಡೋ ಮಾತ್ರ ಕೈಯಲ್ಲಿದ್ದರೆ ಬೇರೆ ಗತಿಯಿಲ್ಲ, ಆಗ ಇದೇ ದೇವರು.

ನೀರಿನ ಲೆಕ್ಕ ಬರೀ ಹುಚ್ಚಿಗೆ ಮಾಡಿದ್ದು. ಪಂಪಿನಿಂದ 500 ಲೀಟರಿನ ಟ್ಯಾಂಕ್ ತುಂಬಿಸಿದಾಗ ಬಾವಿ ನೀರು 10 ಸೆಂ.ಮೀ. ಇಳಿಯಿತು. ಅಂದರೆ ಬಾಯಿ 5 ಚದರ ಮೀಟರ್, ಒಳ ವ್ಯಾಸ 252, ಎರಡು ಕಡೆಯ ಗೋಡೆ 46 ಸೇರಿಸಿದರೆ 298. ಎಂಟು ಸೆಂ.ಮೀ. ಜಾಸ್ತಿ, ಯಾಕೆಂದರೆ ನಾನು ಎತ್ತುತ್ತಿದ್ದಾಗ ಒರತೆ ತುಂಬುತ್ತಲೇ ಇತ್ತು. ಲೋಟಕ್ಕೆ, ಡ್ರಮ್ಮಿಗೆ ಈ ದಾರಿ ಸರಿ. ಜೀವಂತ ಬಾವಿಗೆ ಬೇಡ.

ಮೂಲೆಮಟ್ಟದ ದಾರಿಯನ್ನು ಊಟದ ತಟ್ಟೆಯ ಮೇಲೆ ನೋಡಿದೆ. ಪೇಪರಿನ ಒಂದು ಮೂಲೆಯನ್ನು ತಟ್ಟೆಯ ಅಂಚಿಗೆ ಇಟ್ಟರೆ, ಪೇಪರಿನ ಎರಡು ಬದಿಗಳು ಅಂಚನ್ನು ದಾಟುವ ಜಾಗಗಳ ನಡುವೆ ವ್ಯಾಸ. ಚೆಂದದ ಆಟ. ಆದರೆ ಕೊನೆಗೂ ಆ ಎರಡು ಗುರುತಿನ ನಡುವೆ ಅಡ್ಡ ಅಳೆಯಲೇಬೇಕು. ಹಾಗಿದ್ದಮೇಲೆ ನೇರವಾಗಿ ಅಡ್ಡ ಅಳೆದರಾಯ್ತಲ್ಲ?

ಅಳೆದೆವು. ತಮ್ಮ ಟೇಪಿನ ತುದಿಯನ್ನು ಒಂದು ಕಡೆ ಒತ್ತಿ ಹಿಡಿದ, ನಾನು ಎದುರು ಅಂಚಿನಲ್ಲಿ ಆಚೀಚೆ ಸರಿಸುತ್ತಾ ಎಲ್ಲಕ್ಕಿಂತ ದೊಡ್ಡ ಅಂಕಿ ನೋಡಿದೆ. ನಡು ಎಲ್ಲಿದೆ ಎಂದು ತಲೆಕೆಡಿಸಿಕೊಳ್ಳಬೇಕಿಲ್ಲ. ಎದುರು ತುದಿ ಹತ್ತು ಸೆಂ.ಮೀ. ಪಕ್ಕಕ್ಕೆ ಹೋದರೂ ಅಳತೆ ಎರಡು ಮಿ.ಮೀ. ಕೂಡ ಕಮ್ಮಿಯಾಗುವುದಿಲ್ಲ. ಟೇಪು ಜೋಲು ಬೀಳದಂತೆ ಬಿಗಿ ಹಿಡಿಯಬೇಕು, ಅಷ್ಟೇ. ನಡುವೆ ಹತ್ತು ಸೆಂ.ಮೀ. ಜೋತರೆ ಸುಮಾರು ಒಂದು ಸೆಂ.ಮೀ. ಜಾಸ್ತಿ ತೋರಿಸುತ್ತದೆ.

ಉತ್ತರ-ದಕ್ಷಿಣ 292.5. ಪೂರ್ವ-ಪಶ್ಚಿಮ 289.

ಬಾವಿ ದುಂಡಗೇ ಇಲ್ಲ! ಹುರಿ ಇದನ್ನು ಹೇಳಿರಲಿಲ್ಲ, ಎಲ್ಲ ಸೇರಿಸಿ ಸರಾಸರಿ ಕೊಟ್ಟು ಸುಮ್ಮನಾಗಿತ್ತು. 290.9 ಎಂದು ಕೊಟ್ಟಿದ್ದರೆ ಪೂರ್ವ-ಪಶ್ಚಿಮದಲ್ಲಿ ಮತ್ತೆ ಒಂದೊಂದು ಸೆಂ.ಮೀ. ಚಾಚುತ್ತಿತ್ತು. ಟೇಪಿನ ಮಾತನ್ನೇ ಕೇಳಿ, ಚಿಕ್ಕ ಅಳತೆಯಿಂದ ಒಂದು ಕಳೆದು, 288 ಬರೆದೆ.

ಜಾಲರಿಯನ್ನು ಅಂಗಡಿಗೆ ಹೊತ್ತು ಹೋಗಿ "ರಿಂಗಿನಲ್ಲಿ 50 ಸೆಂ.ಮೀ. ಕತ್ತರಿಸಿ ಬೆಸೆಯಿರಿ" ಎಂದೆ. ವೆಲ್ಡರ್ ನನ್ನ ಮುಖ ನೋಡಿದರು. "ಅಡ್ಡಕ್ಕೆ 16 ಕಮ್ಮಿ ಮಾಡೋಕೆ ಅರ್ಧ ಮೀಟರ್ ಕತ್ತರಿಸ್ಬೇಕಾ ಸಾರ್?" 16ನ್ನು 3.14ರಿಂದ ಗುಣಿಸಿ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಬೇಕಾಯಿತು. ಕತ್ತರಿಸಿದ ಬಾಗು ತುಂಡನ್ನು ಅಪ್ಪಯ್ಯ ಮನೆಗೆ ತಂದು ಕೊಟ್ಟಿಗೆಯ ಬಾಗಿಲಿಗೆ ಹಿಡಿ ಮಾಡಿದ್ದಾರೆ.