ಸರ್ವರ್ ರ್ಯಾಕಿಗೆ ಯಾವ ಸ್ಟ್ಯಾಕ್ ಸ್ವಿಚ್? ಮೂರನ್ನು ಓಡಿಸಿ ನೋಡಿದ ಮೇಲೆ

ಹಲವು ನೆಟ್‌ವರ್ಕ್ ಸ್ವಿಚ್‌ಗಳನ್ನು ಕೇಬಲ್‌ನಲ್ಲಿ ಜೋಡಿಸಿ ಒಂದೇ ಸ್ವಿಚ್ಚಿನಂತೆ ನಡೆಸುವುದೇ ಸ್ಟ್ಯಾಕ್. ಇಂಥ ಸ್ವಿಚ್ ತಗೊಳ್ಳುವಾಗ ಎಲ್ಲರ ಕಣ್ಣು ಮೊದಲು ಹೋಗುವುದು ಸ್ಟ್ಯಾಕಿಂಗ್ ವೇಗದ ಮೇಲೆ, ಅಂದರೆ ಅವುಗಳ ನಡುವೆ ಡೇಟಾ ಓಡುವ ವೇಗದ ಮೇಲೆ. ಬ್ರೋಷರಿನಲ್ಲೂ ಅದನ್ನೇ ದಪ್ಪ ಅಕ್ಷರದಲ್ಲಿ ಹಾಕಿರುತ್ತಾರೆ. ಆಫೀಸಿನ ಮಹಡಿಗಳಿಗೆ ಅದು ಸರಿ. ಸರ್ವರ್ ರ್ಯಾಕಿಗಾದರೆ ನಾನು ಮೊದಲು ಕೇಳುವುದು ಬೇರೆ: ಹೊಸ ಫರ್ಮ್‌ವೇರ್ ಹಾಕುವ ರಾತ್ರಿ ಸರ್ವರ್‌ಗಳ ನೆಟ್‌ವರ್ಕ್ ಉಳಿಯುತ್ತದಾ?

ಬೆಂಗಳೂರಿನ ನಮ್ಮ ಸರ್ವರ್ ರೂಮಿನಲ್ಲಿ ಸಿಸ್ಕೊ ಕ್ಯಾಟಲಿಸ್ಟ್ 9300, ಅರುಬಾ 6300ಎಂ, ಜುನಿಪರ್ ಇಎಕ್ಸ್4300 ಮೂರನ್ನೂ ಎರಡೆರಡರಂತೆ ಸ್ಟ್ಯಾಕ್ ಮಾಡಿ ಓಡಿಸಿದ್ದೇನೆ. ಸ್ಟ್ಯಾಕ್ ಮಾಡದೆ ಎಂಎಲ್‌ಎಜಿ (ಎರಡು ಬಿಡಿ ಸ್ವಿಚ್ ಸರ್ವರ್‌ಗೆ ಒಂದರಂತೆ ಕಾಣುವ ವ್ಯವಸ್ಥೆ) ಜೋಡಿಯಾಗಿ ಇಟ್ಟ ಎರಡು ಅರಿಸ್ಟಾ 7050 ಕೂಡ ಪಕ್ಕದಲ್ಲೇ ಇದ್ದವು. ಪರೀಕ್ಷೆ ಸರಳ. ಲಿನಕ್ಸ್ ಸರ್ವರ್‌ನಿಂದ ಒಂದೊಂದು ಸ್ವಿಚ್ಚಿಗೆ ಒಂದೊಂದು ಕೇಬಲ್, ಎರಡನ್ನೂ ಒಂದೇ ಲಿಂಕಾಗಿ ಸೇರಿಸುವ ಎಲ್‌ಎಸಿಪಿ ಬಾಂಡ್, ಒಂದು ಕಿಟಕಿಯಲ್ಲಿ ಸಂಪರ್ಕ ಇದೆಯಾ ನೋಡುವ ಪಿಂಗ್, ಇನ್ನೊಂದರಲ್ಲಿ ವೇಗ ಅಳೆಯುವ ಐಪರ್ಫ್. ಆಮೇಲೆ ಕೇಬಲ್ ಕೀಳುವುದು, ಪವರ್ ಕೀಳುವುದು, ಅಪ್‌ಗ್ರೇಡ್ ಹಾಕುವುದು.

ಜೋಡಿಸುವ ಬಗೆಯಲ್ಲೇ ಮೂರಕ್ಕೂ ಸ್ವಭಾವ ಬೇರೆ. 9300ಕ್ಕೆ ಹಿಂಬದಿಯಲ್ಲಿ ಸ್ಟ್ಯಾಕಿಗೆಂದೇ ಪ್ರತ್ಯೇಕ ಸ್ಟ್ಯಾಕ್‌ವೈಸ್ ಪೋರ್ಟ್ ಇದೆ. 480 ಜಿಬಿಪಿಎಸ್, 8 ಸ್ವಿಚ್‌ವರೆಗೆ. ಮುಂಬದಿಯ ಅಪ್‌ಲಿಂಕ್ (ಮೇಲಿನ ನೆಟ್‌ವರ್ಕಿಗೆ ಹೋಗುವ ಪೋರ್ಟ್) ಒಂದೂ ಖರ್ಚಾಗುವುದಿಲ್ಲ. ಸ್ಟ್ಯಾಕ್‌ಪವರ್ ಕೇಬಲ್ ಹಾಕಿದರೆ ಒಂದರ ಪವರ್ ಸಪ್ಲೈ ಹೋದರೂ ಪಕ್ಕದ್ದು ಕರೆಂಟ್ ಕೊಡುತ್ತದೆ. ಇದು ನನಗೆ ತುಂಬಾ ಹಿಡಿಸಿತು. ಆದರೆ ಸ್ಟ್ಯಾಕ್ ಕೇಬಲ್ ಅವರದ್ದೇ ಆಗಬೇಕು, ಅತಿ ಉದ್ದದ್ದು 3 ಮೀಟರ್. ರ್ಯಾಕ್‌ಗಳು ದೂರ ಇದ್ದರೆ ಆಗುವುದಿಲ್ಲ. ಅರುಬಾದಲ್ಲಿ ಬೇರೆ ಪೋರ್ಟ್ ಇಲ್ಲ. ಮುಂದಿರುವ ನಾಲ್ಕು ಎಸ್‌ಎಫ್‌ಪಿ56 ಪೋರ್ಟ್‌ಗಳಲ್ಲೇ ಎರಡನ್ನು ವಿಎಸ್‌ಎಫ್‌ಗೆ (ಅರುಬಾ ಸ್ಟ್ಯಾಕಿಂಗಿನ ಹೆಸರು) ಬಿಟ್ಟುಕೊಡಬೇಕು, ಅಪ್‌ಲಿಂಕಿಗೆ ಎರಡೇ ಉಳಿಯುತ್ತವೆ. ಬದಲಿಗೆ ಫೈಬರ್ ಎಳೆದು ದೂರದ ರ್ಯಾಕನ್ನೂ ಅದೇ ಸ್ಟ್ಯಾಕಿಗೆ ಸೇರಿಸಬಹುದು, 10 ಸ್ವಿಚ್‌ವರೆಗೆ. ಜುನಿಪರ್ ನಡುವಿನ ದಾರಿ ಹಿಡಿದಿದೆ: ಹಿಂಬದಿಯ ನಾಲ್ಕು 40ಜಿ ಪೋರ್ಟ್‌ಗಳು ಮೊದಲಿನಿಂದಲೇ ವರ್ಚುವಲ್ ಚಾಸಿಸ್‌ಗೆ (ಜುನಿಪರ್ ಸ್ಟ್ಯಾಕಿಂಗಿನ ಹೆಸರು) ಮೀಸಲು, ಹಾಕುವ ಕೇಬಲ್ ಮಾತ್ರ ಸಾಮಾನ್ಯ 40ಜಿಯದ್ದು. ಇಲ್ಲೂ ಮಿತಿ 10.

ಒಂದು ಸ್ಟ್ಯಾಕ್ ಕೇಬಲ್ ಕಿತ್ತಾಗ ಮೂರೂ ಅಲುಗಲಿಲ್ಲ. ಮುಖ್ಯ ಸ್ವಿಚ್ಚಿನ ಪವರ್ ಕಿತ್ತಾಗ ಇನ್ನೊಂದು ಜವಾಬ್ದಾರಿ ಹೊತ್ತುಕೊಂಡಿತು, ಪಿಂಗ್ ಸ್ವಲ್ಪ ತಪ್ಪಿ ಮತ್ತೆ ಹಿಡಿಯಿತು. ಈ ಮಟ್ಟಿಗೆ ಯಾವುದನ್ನು ತಗೊಂಡರೂ ನಿರಾಸೆ ಇಲ್ಲ.

ಎರಡೂ ಸ್ಟ್ಯಾಕ್ ಕೇಬಲ್ ಒಟ್ಟಿಗೆ ಹೋದರೆ ಕಥೆ ಬೇರೆ. ಎರಡೂ ಸ್ವಿಚ್ ತಾನೇ ಯಜಮಾನ ಅಂದುಕೊಂಡು ಒಂದೇ ಐಪಿ ಹಿಡಿದು ಕೂರುವ ಅಪಾಯ ಇದೆ. ಇದಕ್ಕೆ ಅರುಬಾದಲ್ಲಿ ಮ್ಯಾನೇಜ್‌ಮೆಂಟ್ ಪೋರ್ಟ್ ಮೂಲಕ ಪತ್ತೆಹಚ್ಚುವ ವ್ಯವಸ್ಥೆ ಇದೆ, ಅದನ್ನು ಮರೆಯದೆ ಆನ್ ಮಾಡಬೇಕು. ಜುನಿಪರ್‌ನಲ್ಲಿ ಎರಡೇ ಸ್ವಿಚ್ ಇದ್ದರೆ, ಒಡಕು ಪತ್ತೆಯನ್ನೇ ಆಫ್ ಮಾಡುವ ನೋ-ಸ್ಪ್ಲಿಟ್-ಡಿಟೆಕ್ಷನ್ ಹಾಕಿ ಅಂತ ಅವರ ಕೈಪಿಡಿಯೇ ಹೇಳುತ್ತದೆ. ಯಾವ ಕಂಪನಿಯದ್ದಾದರೂ ಸರಿ, ಎರಡು ಸ್ಟ್ಯಾಕ್ ಕೇಬಲ್‌ಗಳನ್ನು ಒಂದೇ ಟೈನಲ್ಲಿ ಕಟ್ಟಬೇಡಿ.

ಇನ್ನು ಅಪ್‌ಗ್ರೇಡ್. ಸ್ಟ್ಯಾಕ್ ಅಂದರೆ ದೇಹ ಎರಡು, ಮಿದುಳು ಒಂದು. ಸಾಮಾನ್ಯ ವಿಧಾನದಲ್ಲಿ ಹೊಸ ಫರ್ಮ್‌ವೇರ್ ಹಾಕಿದರೆ ಇಡೀ ಸ್ಟ್ಯಾಕ್ ರೀಬೂಟ್ ಆಗುತ್ತದೆ. ಸರ್ವರ್‌ಗೆ ಎರಡು ಕೇಬಲ್ ಇದ್ದು ಏನು ಪ್ರಯೋಜನ, ಎರಡೂ ಒಟ್ಟಿಗೆ ಸತ್ತವಲ್ವಾ? ಕೆಲವು ನಿಮಿಷ ನೆಟ್‌ವರ್ಕ್ ಇಲ್ಲ. ವೆಬ್ ಸರ್ವರ್ ಆದರೆ ತಡೆದುಕೊಳ್ಳಬಹುದು. ಆದರೆ ಲಿನಕ್ಸ್‌ನಲ್ಲಿ ಸ್ಕಸಿ ಡಿಸ್ಕಿನ ಟೈಮ್‌ಔಟ್, ಅಂದರೆ ಡಿಸ್ಕಿನ ಉತ್ತರಕ್ಕೆ ಕಾಯುವ ಹೊತ್ತು, ಸಾಮಾನ್ಯವಾಗಿ 30 ಸೆಕೆಂಡ್. ವರ್ಚುವಲ್ ಮಷೀನ್‌ಗಳ ಡಿಸ್ಕ್ ಇದೇ ಸ್ವಿಚ್ ದಾಟಿ ಸ್ಟೋರೇಜಿನಲ್ಲಿ ಇದ್ದರೆ, ಅಷ್ಟರಲ್ಲಿ ಉತ್ತರ ಬರದೆ ಫೈಲ್ ಸಿಸ್ಟಮ್‌ಗಳು ಒಂದೊಂದಾಗಿ ರೀಡ್-ಓನ್ಲಿ (ಬರೆಯಲಾಗದ, ಓದಲು ಮಾತ್ರ) ಆಗತೊಡಗುತ್ತವೆ. ಬೆಳಿಗ್ಗೆ ಬಂದು ಎಲ್ಲವನ್ನೂ ಎಬ್ಬಿಸುವ ಕೆಲಸ ಬೇರೆ.

ಕಂಪನಿಗಳೂ ಸುಮ್ನೆ ಕೂತಿಲ್ಲ. ಸಿಸ್ಕೊ 9300ರಲ್ಲಿ ಎಕ್ಸ್‌ಎಫ್‌ಎಸ್‌ಯು ಅನ್ನುವ ವೇಗದ ಅಪ್‌ಗ್ರೇಡ್ ವಿಧಾನ ಇದೆ. ಟ್ರಾಫಿಕ್ ನಿಲ್ಲುವ ಹೊತ್ತನ್ನು 30 ಸೆಕೆಂಡಿನೊಳಗೆ ಇಳಿಸುತ್ತದೆ. ಜುನಿಪರ್‌ನ ಎನ್‌ಎಸ್‌ಎಸ್‌ಯು ವಿಧಾನ ಸ್ವಿಚ್‌ಗಳನ್ನು ಒಂದಾದ ಮೇಲೆ ಒಂದರಂತೆ ಅಪ್‌ಗ್ರೇಡ್ ಮಾಡುತ್ತದೆ. ಎರಡೂ ಒಳ್ಳೆಯವೇ. ಆದರೆ ಎರಡಕ್ಕೂ ಷರತ್ತುಗಳಿವೆ, ಯಾವ ವರ್ಷನ್‌ನಿಂದ ಯಾವ ವರ್ಷನ್‌ಗೆ ಅನ್ನುವುದನ್ನು ಪ್ರತಿ ಸಲ ನೋಡಬೇಕು. ಇವನ್ನೇ ನಂಬಿ ಸ್ಟೋರೇಜ್ ಕಟ್ಟಲು ನನಗೆ ಧೈರ್ಯ ಬರುವುದಿಲ್ಲ.

ಅರಿಸ್ಟಾ ಜೋಡಿಯಲ್ಲಿ ಈ ಚಿಂತೆಯೇ ಇರಲಿಲ್ಲ. ಎಂಎಲ್‌ಎಜಿಯಲ್ಲಿ ಎರಡಕ್ಕೂ ತಮ್ಮದೇ ಮಿದುಳು. ಸರ್ವರ್‌ಗೆ ಮಾತ್ರ ಒಂದೇ ಸ್ವಿಚ್‌ನಂತೆ ಕಾಣುತ್ತವೆ. ಒಂದನ್ನು ಅಪ್‌ಗ್ರೇಡ್ ಮಾಡಿ, ಅದು ಎದ್ದ ಮೇಲೆ ಇನ್ನೊಂದು. ಇಲ್ಲೊಂದು ಸೂಕ್ಷ್ಮ ಇದೆ. ಸ್ವಿಚ್ ಬೂಟ್ ಆಗುವಾಗ ಪೋರ್ಟ್ ಲೈಟ್ ಮೊದಲೇ ಹತ್ತಿಕೊಂಡರೆ ಸರ್ವರ್ ಆ ಕಡೆಗೂ ಪ್ಯಾಕೆಟ್ ಕಳಿಸತೊಡಗುತ್ತದೆ, ಒಳಗೆ ಇನ್ನೂ ಎಲ್ಲ ತಯಾರಾಗಿರುವುದಿಲ್ಲ. ಅದಕ್ಕೇ ಅರಿಸ್ಟಾ ರೀಬೂಟ್ ಆದ ಮೇಲೆ ಸುಮಾರು 300 ಸೆಕೆಂಡ್ ಸರ್ವರ್ ಪೋರ್ಟ್‌ಗಳನ್ನು ಮುಚ್ಚಿಯೇ ಇಡುತ್ತದೆ. ಮೊದಲ ಸಲ ನೋಡುವವರಿಗೆ ಸ್ವಿಚ್ ಕೆಟ್ಟಿದೆ ಅನ್ನಿಸುತ್ತದೆ. ಕಾಯಿರಿ. ಲಿನಕ್ಸ್ ಸರ್ವರ್‌ನ ಪ್ರಾಕ್ (/proc) ಕೆಳಗಿನ ಬಾಂಡಿಂಗ್ ಫೈಲಿನಲ್ಲಿ ಎರಡೂ ಕೇಬಲ್ ಒಂದೇ ಅಗ್ರಿಗೇಟರ್ ಐಡಿ ತೋರಿಸಿದ ಮೇಲೆಯೇ, ಅಂದರೆ ಎರಡೂ ಒಂದೇ ಬಾಂಡಿಗೆ ಸೇರಿದ ಮೇಲೆಯೇ, ಎರಡನೆಯದಕ್ಕೆ ಕೈ ಹಾಕಿ.

ಎಂಎಲ್‌ಎಜಿಗೂ ಖರ್ಚಿದೆ. ಎಲ್ಲ ಕಾನ್ಫಿಗರೇಶನ್ ಎರಡು ಕಡೆ ಬರೆಯಬೇಕು. ವಿಎಲ್ಎಎನ್ (ಒಂದೇ ಸ್ವಿಚ್ಚಿನೊಳಗೆ ಬೇರ್ಪಡಿಸಿದ ನೆಟ್‌ವರ್ಕ್) ಒಂದು ಕಡೆ ಸೇರಿಸಿ ಇನ್ನೊಂದು ಕಡೆ ಬಿಟ್ಟರೆ ಕೆಲವು ಪ್ಯಾಕೆಟ್ ಹೋಗುತ್ತವೆ, ಕೆಲವು ಹೋಗುವುದಿಲ್ಲ. ಅದನ್ನು ಹುಡುಕುವುದು ತಲೆನೋವು. ಕಾನ್ಫಿಗರೇಶನ್ ತಾನಾಗಿ ಬರೆಯುವ ಆನ್ಸಿಬಲ್‌ನಂಥದ್ದು ಬಳಸುವವರಿಗೆ ಇದು ದೊಡ್ಡ ವಿಷಯವಲ್ಲ. ಒಬ್ಬರೇ ಎಲ್ಲ ನೋಡಿಕೊಳ್ಳುವ ಸಣ್ಣ ಜಾಗದಲ್ಲಿ ಸ್ಟ್ಯಾಕಿನ ಒಂದೇ ಕಾನ್ಫಿಗರೇಶನ್ ನಿಜಕ್ಕೂ ಹಾಯಾಗಿರುತ್ತದೆ.

ಎಷ್ಟೋ ಕಡೆ ಸ್ಟ್ಯಾಕ್, ಎಂಎಲ್‌ಎಜಿ ಎರಡೂ ಬೇಕಾಗಿರುವುದೇ ಇಲ್ಲ. ನೆಟ್‌ವರ್ಕ್ ಮೂಲಕ ಡಿಸ್ಕ್ ಕೊಡುವ ಐಸ್ಕಸಿಗೆ ಎಂಪಿಐಒ ಇದೆ, ಅಂದರೆ ಒಂದು ದಾರಿ ಹೋದರೆ ಇನ್ನೊಂದರಲ್ಲಿ ಡಿಸ್ಕ್ ತಲುಪುವ ವ್ಯವಸ್ಥೆ. ಎರಡು ಬೇರೆ ಸಬ್‌ನೆಟ್, ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಸ್ವಿಚ್ ಸಾಕು. ವರ್ಚುವಲ್ ಮಷೀನ್ ನಡೆಸುವ ವಿಎಂವೇರ್‌ನ ಸ್ಟ್ಯಾಂಡರ್ಡ್ ವಿಸ್ವಿಚ್ (ಸಾಫ್ಟ್‌ವೇರ್ ಸ್ವಿಚ್) ಎಲ್‌ಎಸಿಪಿ ಮಾತಾಡುವುದೇ ಇಲ್ಲ, ಅದಕ್ಕೆ ಡಿಸ್ಟ್ರಿಬ್ಯೂಟೆಡ್ ಸ್ವಿಚ್ ಬೇಕು. ಸ್ಟ್ಯಾಂಡರ್ಡ್‌ನಲ್ಲೇ ಇರುವವರು ಒಂದೊಂದು ಕೇಬಲನ್ನು ಒಂದೊಂದು ಬಿಡಿ ಸ್ವಿಚ್ಚಿಗೆ ಹಾಕಿದರೂ ಒಂದು ಹೋದಾಗ ಇನ್ನೊಂದು ನಡೆಯುತ್ತದೆ. ಕೊಟೇಶನ್ ತರಿಸುವ ಮುಂಚೆ ಇದನ್ನು ಯೋಚಿಸಿ.

ಗಾಳಿಯ ದಿಕ್ಕು ಯಾರೂ ಕೇಳದ, ಆದರೆ ಕೇಳಲೇಬೇಕಾದ ಸಂಗತಿ. ಸರ್ವರ್‌ಗಳ ನೆಟ್‌ವರ್ಕ್ ಪೋರ್ಟ್ ಇರುವುದು ಹಿಂಬದಿಯಲ್ಲಿ, ಅಂದರೆ ಬಿಸಿಗಾಳಿ ಬರುವ ಕಡೆ. ಕೇಬಲ್ ಹತ್ತಿರವಾಗಲಿ ಅಂತ ಸ್ವಿಚ್ಚಿನ ಮುಖವನ್ನೂ ಅತ್ತಲೇ ತಿರುಗಿಸುತ್ತೇವೆ. 9300 ಪೋರ್ಟ್ ಇರುವ ಕಡೆಯಿಂದಲೇ ಗಾಳಿ ಎಳೆಯುತ್ತದೆ. ಹಾಗಾಗಿ ಅದು ಸರ್ವರ್ ಉಗುಳಿದ ಬಿಸಿಯನ್ನೇ ನುಂಗಬೇಕಾಗುತ್ತದೆ. ಇಎಕ್ಸ್4300ಗೆ ಎಎಫ್‌ಐ ಅನ್ನುವ ಉಲ್ಟಾ ಗಾಳಿಯ ಮಾಡೆಲ್ ಇದೆ. 6300ಎಂನಲ್ಲೂ ಪವರ್-ಟು-ಪೋರ್ಟ್ (ಹಿಂದಿನಿಂದ ಪೋರ್ಟ್ ಕಡೆಗೆ ಗಾಳಿ) ಮಾಡೆಲ್ ಸಿಗುತ್ತದೆ. ಆರ್ಡರ್‌ನಲ್ಲಿ ಅದನ್ನೇ ಬರೆಸಬೇಕು, ಇಲ್ಲದಿದ್ದರೆ ಬರುವುದು ಮಾಮೂಲಿಯದ್ದು.

ಕೆಲಸ ಮಾಡುವ ಖುಷಿಯಲ್ಲಿ ನನ್ನ ಓಟು ಜುನಿಪರ್‌ಗೆ. ಕಮಿಟ್ ಕನ್ಫರ್ಮ್ಡ್ ಅಂತ ಕೊಟ್ಟು, ದೂರದಿಂದ ಏನೋ ಬದಲಿಸಿ, ಸಂಪರ್ಕ ಕಡಿದುಕೊಂಡರೂ 10 ನಿಮಿಷದಲ್ಲಿ ತಾನೇ ಹಳೆಯದಕ್ಕೆ ಮರಳುತ್ತದೆ. ಅರುಬಾದ ಚೆಕ್‌ಪಾಯಿಂಟ್ ಆಟೊ ಕೂಡ ಇದೇ ಕೆಲಸ ಮಾಡುತ್ತದೆ. ಆದರೆ ಇಎಕ್ಸ್4300 ಹಳೆಯ ಪೀಳಿಗೆಯದ್ದು, ಹೊಸದಾಗಿ ಹಾಕುವವರಿಗೆ ಹೇಳಲಾರೆ. 2025ರ ಜುಲೈನಲ್ಲಿ ಅರುಬಾದ ಒಡೆಯ ಎಚ್‌ಪಿಇ ಜುನಿಪರನ್ನು ಕೊಂಡಿದೆ, ಅಂದರೆ ಅರುಬಾ ಮತ್ತು ಜುನಿಪರ್ ಈಗ ಒಂದೇ ಮನೆಯವು.

ನಮ್ಮಲ್ಲಿ ಕೊನೆಗೆ ವರ್ಚುವಲ್ ಮಷೀನ್ ಹೋಸ್ಟ್‌ಗಳು ಎಂಎಲ್‌ಎಜಿ ಜೋಡಿಗೆ ಹೋದವು. ಐಎಲ್‌ಒ (ಸರ್ವರನ್ನು ದೂರದಿಂದ ನಿಭಾಯಿಸುವ ಪೋರ್ಟ್), ಪಿಡಿಯು (ರ್ಯಾಕಿಗೆ ಕರೆಂಟ್ ಹಂಚುವ ಪಟ್ಟಿ), ಕ್ಯಾಮೆರಾ, ಬ್ಯಾಕಪ್ ಬಾಕ್ಸಿನ ಮ್ಯಾನೇಜ್‌ಮೆಂಟ್ ಪೋರ್ಟ್, ಇಂಥ 1ಜಿ ಕೆಲಸಕ್ಕೆಲ್ಲ 6300ಎಂ ಸ್ಟ್ಯಾಕ್. ಅಲ್ಲಿ ಕೆಲವು ನಿಮಿಷ ನೆಟ್‌ವರ್ಕ್ ಹೋದರೂ ಯಾರ ಡಿಸ್ಕೂ ನಿಲ್ಲುವುದಿಲ್ಲ. 9300 ಮಹಡಿಗಳಿಗೆ ಹೋಯಿತು. ನೆಟ್‌ವರ್ಕ್ ಕೇಬಲಿನಲ್ಲೇ ಕರೆಂಟ್ ಪಡೆಯುವ (ಪಿಒಇ) ಫೋನು, ವೈಫೈ ಇರುವ ಕಡೆ ಸ್ಟ್ಯಾಕ್‌ಪವರ್ ಅದರ ಬೆಲೆಗೆ ತಕ್ಕ ಕೆಲಸ ಮಾಡುತ್ತಿದೆ.